ಉಡಿಗೆ ಬಂದ ರೋಲು

ಒಗೆಯುವ ಕಲ್ಲಿನ ಹತ್ತಿರ ಕುಳಿತು ಅಮೃತಾ ಬಟ್ಟೆ ಹಿಂಡಿ ಹಿಂಡಿ ಕೊಡುತ್ತಿದ್ದಳು. ಅತ್ತೆ ಮಹಾದೇವಕ್ಕ ಒಂದೊಂದನ್ನೇ ಝಾಡಿಸಿ ಹಗ್ಗಕ್ಕೆ ಹಾಕುತ್ತಿದ್ದಳು. ಮೊಮ್ಮಗಳ ಹಸಿರು ಟೀ ಶರ್ಟು ಕೈಗೆ ಬಂದಾಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಮೃತಾ, ಈ ಅಂಗಿಗೆ ಬಗಲು ಎಲ್ಲೈತಿ? ಬಗಲ ಹೊಲಿಗಿ ಹೊಟ್ಟಿ ಮ್ಯಾಲೆ ಬಂದು ಕುಂತೈತಲ್ಲಬೇ."

"ಹೊಲಿದಾಗ ಬಗಲಾಗ ಇತ್ರಿ ಅತ್ತೀ."

"ಹೊಲಿಗಿ ಏನ್ ಕಾಲು ಹಚ್ಚಿಕೊಂಡು ನಡೀತೇನು?"

"ಬಟ್ಟಿ ತಿರುವಿಕೊಂಡ್ರ ಹೊಲಿಗಿನೂ ನಡೀತೈತ್ರಿ. ಬೀಗರ ಬಟ್ಟಿ ನೋಡ್ರಿ ಅದು."

"ಮುಂಜಾನೆದ್ದು ಬೀಗರ ಮ್ಯಾಲೆ ಹಾಕಬ್ಯಾಡ. ನಿನ್ನ ಮಷೀನ ಸೊಟ್ಟ ಇರಬೇಕು."

ಅಮೃತಾ ಕೈಯಲ್ಲಿದ್ದ ಚಾದರವನ್ನು ಬೇಕಾದ್ದಕ್ಕಿಂತ ಜೋರಾಗಿ ಹಿಂಡಿದಳು. ಅಷ್ಟರಲ್ಲಿ ಹೊರಗೆ ಸ್ಕೂಟರು ನಿಂತ ಸದ್ದಾಯಿತು. ಹೈಸ್ಕೂಲಿನ ಆಟದ ಟೀಚರು ಮಂಜುಳಾ ಒಂದು ಚೀಲ ಹಿಡಿದುಕೊಂಡು ಹಿತ್ತಲಿಗೇ ಬಂದರು. ಚೀಲದ ತುಂಬ ಕಬಡ್ಡಿ ಹುಡುಗಿಯರ ಅಂಗಿಗಳು. ಹೋದ ತಿಂಗಳು ಅಮೃತಾಳೇ ಹೊಲಿದು ಕೊಟ್ಟವು.

"ಅಮೃತಕ್ಕಾ, ಸಿಟ್ಟಾಗಬ್ಯಾಡ್ರಿ. ಎರಡ ಸಲ ಒಗದದ್ದಕ್ಕ ಹಿಂಗ ಆಗ್ಯಾವ" ಎಂದು ಒಂದನ್ನು ತೆಗೆದು ತಮ್ಮ ಎದೆಗೆ ಹಿಡಿದು ತೋರಿಸಿದರು. ಅದು ಗಿಡ್ಡಾಗಿ ಅಗಲಾಗಿ ದಿಂಬಿನ ಚೀಲದ ಹಾಗೆ ಕಾಣಿಸಿತು. "ಕೈ ಎತ್ತಿದ್ರ ಹೊಟ್ಟಿ ಕಾಣಸ್ತೈತಿ. ಬೆವತ್ರ ಒಳಗಿಂದು ಎಲ್ಲಾ ಕಾಣಸ್ತೈತಿ. ಹುಡುಗ್ಯಾರು ಮೈದಾನಕ್ಕ ಬರಾಕ ಒಲ್ಲೆ ಅಂತಾರ. ಒಬ್ಬಾಕಿ ಮ್ಯಾಲೆ ವೇಲ್ ಸುತ್ತಿಕೊಂಡು ಆಡಿದ್ಲು. ಎದುರಿನಾಕಿ ವೇಲ್ ಹಿಡದ ಎಳದ್ಲು. ಅತ್ಕೊಂತ ಮನೀಗೆ ಹೋದ್ಲು ಪಾಪ."

ಮಹಾದೇವಕ್ಕ ಹಗ್ಗದ ಹತ್ತಿರವೇ ನಿಂತಳು.

"ತಾಲೂಕಿನ ಆಟ ಆಗಸ್ಟಿನ್ಯಾಗ. ಉಳಿದ ಸಾಲಿಯವ್ರೂ ನಿಮ್ಮ ಹಂತೇಕ ಹೊಲಿಸೂಣು ಅಂತಾರ್ರಿ. ನಾನ ಹೇಳೇನಿ. ಆದ್ರ ಈ ಬಟ್ಟಿ ಬ್ಯಾಡ. ಬ್ಯಾರೇ ಬಟ್ಟೀದು ಒಂದಂಗಿ ಹೊಲದು, ಒಗದು, ಒಗದದ್ದನ್ನ ತಂದು ತೋರಸ್ರಿ. ಇಲ್ಲಂದ್ರ ಹುಬ್ಬಳ್ಳಿಯಿಂದ ಸಿದ್ಧ ಅಂಗಿನ ತರಸ್ತಾರ."

ಟೀಚರು ಚಹಾ ಕುಡಿಯದೆ ಹೋದರು. ಹಿಂದಿನ ದನದ ಕೊಟ್ಟಿಗೆಗೆ ತಗಡು ಹೊದಿಸಿ ಹೊಲಿಗೆಯ ಮನೆ ಮಾಡಿದ್ದರು. ಒಳಗೆ ಮಾಬುಬಿ ಮತ್ತು ಅವಳ ಸೊಸೆ ತಬಸುಮ್ ಎಲ್ಲಾ ಕೇಳಿಸಿಕೊಂಡು ಮಷೀನು ನಿಲ್ಲಿಸಿದ್ದರು. ಅವರ ಮನೆಯ ಒಲೆಯೂ ಈ ಮಷೀನಿನ ಮೇಲೇ ನಡೆಯುತ್ತಿತ್ತು.

ಬೀಗರ ಬಟ್ಟೆ ಈ ಮನೆಗೆ ಬಂದ ಬಗೆಯನ್ನು ಹೇಳಬೇಕು. ಮಹಾದೇವಕ್ಕನ ಮಗಳು ಮಹಾನಂದಾಳನ್ನು ಹುಬ್ಬಳ್ಳಿಯ ಸಿದ್ಧಾರೂಢಪ್ಪನವರ ಮಗನಿಗೆ ಕೊಟ್ಟಿದ್ದರು. ಅವರದು ದೊಡ್ಡ ಬಟ್ಟೆ ಅಂಗಡಿ. ಮಿಶ್ರಿಕೋಟಿಯ ಈ ಮನೆಯ ಸೊಸೆ ಹೊಲಿಗೆ ಸುರು ಮಾಡುತ್ತಾಳೆ ಎಂದು ಕೇಳಿ ಅವರೇ ಟೆಂಪೋದಲ್ಲಿ ರೋಲು ಹೇರಿಕೊಂಡು ಬಂದರು. ಬೀಗತಿ ಅಮೃತಾಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ತೆಂಗಿನಕಾಯಿ, ಖಣ, ಅದರ ಮೇಲೆ ಒಂದು ಇಡೀ ರೋಲು. ಭಾರಕ್ಕೆ ಅಮೃತಾ ಮುಂದಕ್ಕೆ ಬಾಗಿದಳು. ಎಲ್ಲರೂ ನಕ್ಕರು.

ಉಡಿಯಲ್ಲಿ ಬಿದ್ದದ್ದನ್ನು ಬಿಚ್ಚಿ, ಜಗ್ಗಿ, ಬೆಳಕಿಗೆ ಹಿಡಿದು ನೋಡುವ ಪದ್ಧತಿ ನಮ್ಮ ಕಡೆ ಇಲ್ಲ. ಖಣ ಹರಿದಿದ್ದರೂ ಹಣೆಗೆ ಒತ್ತಿಕೊಂಡು ಒಳಗಿಡಬೇಕು. ಮೊದಲ ರೋಲು ನೋಡಲಿಲ್ಲ, ಆಮೇಲೆ ಉಳಿದವನ್ನೂ ಯಾರೂ ನೋಡಲಿಲ್ಲ. ಅಮೃತಾ ಮದುವೆಗೆ ಮುಂಚೆ ಹುಬ್ಬಳ್ಳಿಯ ಗಾರ್ಮೆಂಟಿನಲ್ಲಿ ಕೆಲಸ ಮಾಡಿದವಳು. ಆದರೆ ಅಲ್ಲಿ ಅವಳ ಮುಂದೆ ಬರುತ್ತಿದ್ದದ್ದು ಕತ್ತರಿಸಿದ ತೋಳು, ಕತ್ತರಿಸಿದ ಕುತ್ತಿಗೆ. ಬಟ್ಟೆ ಆರಿಸುವವರು ಬೇರೆ ಇದ್ದರು. ಅವಳೂ ನೋಡಲಿಲ್ಲ.

ಆ ದಿನ ಊಟಕ್ಕೆ ಬದನೆಕಾಯಿ ಪಲ್ಯ, ರೊಟ್ಟಿ. ಮಾವ ಶಂಭುಲಿಂಗಪ್ಪ ಎರಡನೆಯ ರೊಟ್ಟಿ ಮುರಿಯುವಾಗ ಅಮೃತಾ ಮಾತು ತೆಗೆದಳು.

"ಮಾವಾರ, ಬೀಗರ ಬಟ್ಟಿ ಇನ್ನ ಬ್ಯಾಡ್ರಿ. ನಾ ಬ್ಯಾರೇ ಕಡೆ ತರಸ್ತೇನಿ."

ಗಂಡ ಪ್ರಭು ತಾಟಿನಿಂದ ತಲೆ ಎತ್ತಲಿಲ್ಲ. ಅವನು ಸೊಸಾಯಿಟಿಯಲ್ಲಿ ಗುಮಾಸ್ತ. ದಿನವಿಡೀ ರೈತರ ಜಗಳ ಕೇಳಿ ಬಂದವನು ಮನೆಯಲ್ಲಿ ಕಿವುಡನಾಗುತ್ತಿದ್ದ.

"ಬ್ಯಾಡ ಅನ್ನೂದು ಬಾಯಿಂದ ಸರಳ ಬರತೈತಿ" ಎಂದ ಶಂಭುಲಿಂಗಪ್ಪ. "ಮಗಳನ್ನ ಕೊಟ್ಟೇವಿ ಅಲ್ಲಿ."

"ಮಗಳನ್ನ ಕೊಟ್ಟೀರಿ, ಹೌದ್ರಿ. ಕತ್ತರೀನೂ ಕೊಟ್ಟೀರೇನು?"

"ಅಮೃತಾ!" ಎಂದಳು ಮಹಾದೇವಕ್ಕ. "ನಾಳೆ ಅವರು ಆಕೀಗೆ ಒಂದ ಮಾತು ಅಂದ್ರ? ನಿನ್ನ ಅಂಗಿ ಗಿಡ್ಡಾದ್ರ ಮತ್ತೊಂದು ಹೊಲೀಬಹುದು. ಆಕೀ ಬಾಳೇವು ಗಿಡ್ಡಾದ್ರ?"

"ಆ ಹುಡುಗ್ಯಾರೂ ಯಾರೋ ಒಬ್ಬರ ಮಕ್ಕಳ ಅದಾರ್ರಿ ಅತ್ತೀ."

ಶಂಭುಲಿಂಗಪ್ಪ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ತೀರ್ಪು ಕೊಟ್ಟ.

"ಕಾಗದ ನಾ ಬರೀತೇನಿ. ಫೋನಿನ್ಯಾಗ ಬ್ಯಾಡ ಅಂದ್ರ ಮಾರಿ ಮ್ಯಾಲೆ ಬಾಗಲಾ ಹಾಕಿದಂಗ. ಕಾಗದಕ್ಕ ಒಂದ ಮರ್ಯಾದಿ ಇರತೈತಿ. ಆದ್ರ ಕಾಗದ ಹೋಗೂತನಕ ಬ್ಯಾರೇ ಬಟ್ಟಿ ನನ್ನ ಹೊಸ್ತಲಾ ದಾಟೂಹಂಗಿಲ್ಲ. ಹೇಳದ ತರೂದು ಕಳ್ಳತನ."

"ಯಾವಾಗ ಬರೀತೀರಿ?"

"ನಾಳೆ ಅಮಾಸಿ. ಅಮಾಸಿ ಕಳೀಲಿ."

ಅಮಾವಾಸ್ಯೆ ಕಳೆಯಿತು. ಆಮೇಲೆ ಭತ್ತದ ಗದ್ದೆಯ ಕೆಲಸ ಬಂತು. ಅದು ಮುಗಿದ ಮೇಲೆ ಬೀಗರ ಮನೆಯಲ್ಲಿ ಯಾರಿಗೋ ಜ್ವರ ಎಂದು ತಿಳಿಯಿತು. ಜ್ವರ ಬಂದ ಮನೆಗೆ ಇಂಥ ಕಾಗದ ಕಳಿಸಬಾರದು ಎಂದ ಶಂಭುಲಿಂಗಪ್ಪ. ಜ್ವರ ಬಿಟ್ಟ ಮೇಲೆ ಪೆನ್ನು ಸರಿಯಾಗಿ ಮೂಡುವುದಿಲ್ಲ ಎಂದ. ಪ್ರಭು ಹೊಸ ಪೆನ್ನು ತಂದುಕೊಟ್ಟ. ಅದರ ನೀಲಿ ಅಪ್ಪನ ಮನಸ್ಸಿಗೆ ಬರಲಿಲ್ಲ.

ಅಮೃತಾ ಕೈಕಟ್ಟಿ ಕುಳಿತುಕೊಳ್ಳುವವಳಲ್ಲ. ಕಲಘಟಗಿ ಸಂತೆಯಲ್ಲಿ ಬನಿಯನ್ ಮಾರುವ ಬಾಷಾಸಾಬ ತಿರುಪ್ಪೂರಿಗೆ ಹೋಗಿ ಮಾಲು ತರುತ್ತಾನೆ ಎಂದು ಮಾಬುಬಿ ಹೇಳಿದ್ದಳು. ಅಮೃತಾ ಅವನಿಗೆ ಹೇಳಿ ಕಳಿಸಿದಳು. ಅವನು ಬಟ್ಟೆಯ ತುಂಡುಗಳ ಒಂದು ಗಂಟನ್ನು ತಂದು ಹೊಸ್ತಿಲ ಹೊರಗೆ ಕಟ್ಟೆಯ ಮೇಲೆ ಬಿಚ್ಚಿದ.

"ಒಳಗ ಬರಾಂಗಿಲ್ಲಾ ಅಂತಲ್ರಿ ನನ್ನ ಬಟ್ಟಿ? ನಾ ಬರಬಹುದಿಲ್ಲೋ?" ಎಂದು ನಕ್ಕ.

"ನೀ ಬಾರಪಾ, ಚಹಾ ಕುಡಿ. ನಿನ್ನ ಗಂಟು ಹೊರಗಿರಲಿ" ಎಂದಳು ಮಹಾದೇವಕ್ಕ. ಮನಸ್ಸಿಲ್ಲದಿದ್ದರೂ ಒಂದು ತುಂಡು ಎತ್ತಿಕೊಂಡು ಎರಡೂ ಕೈಯಿಂದ ಜಗ್ಗಿದಳು.

"ಅವ್ವಾರ, ಸಾವಕಾಶ! ಎಮ್ಮಿ ಕೆಚ್ಚಲಲ್ಲ ಅದು. ನೇಯ್ದ ಬಟ್ಟಿ ಜಗ್ಗಿ ನೋಡತಾರ. ಇದು ಹೆಣದ ಬಟ್ಟಿ. ಸ್ವೆಟರ್ ಹೆಣೀತಾರಲ್ಲಾ, ಹಂಗ ಬರೇ ಕುಣಿಕಿ. ಜಗ್ಗೂದು ದೊಡ್ಡದಲ್ಲ. ಬಿಟ್ಟಮ್ಯಾಲೆ ತಿರಿಗಿ ತನ್ನ ಜಾಗಾಕ್ಕ ಬರತೈತೋ ಇಲ್ಲೋ, ಅದನ್ನ ನೋಡಬೇಕು."

ಮಹಾದೇವಕ್ಕ ಬಿಟ್ಟಳು. ತುಂಡು ಹಾಗೇ ಜೋತು ಬಿತ್ತು.

"ಇದು ಬರಲಿಲ್ಲ."

"ಹಂಗಾರ ಅದು ಬ್ಯಾಡ್ರಿ. ಮಾರಾಂವ ನಾನ ಹೇಳಾಕತ್ತೇನಿ."

ಉಳಿದ ತುಂಡುಗಳನ್ನು ಅಮೃತಾ ಇಟ್ಟುಕೊಂಡಳು. ಪ್ರತಿಯೊಂದರ ಮೇಲೆ ಪೆನ್ನಿನಿಂದ ಚೌಕ ಬರೆದು, ಒಗೆದು, ಒಣಗಿಸಿ, ಮತ್ತೆ ಟೇಪು ಹಿಡಿದಳು. ಒಂದರ ಚೌಕ ಓರೆಯಾಗಿ ನಿಂತಿತು, ಅದನ್ನು ಬದಿಗಿಟ್ಟಳು. ಇನ್ನೊಂದು ಬಣ್ಣ ಬಿಟ್ಟು ಪ್ರಭುವಿನ ಬಿಳಿ ಧೋತರವನ್ನು ಗುಲಾಬಿ ಮಾಡಿತು. ಉಳಿದವನ್ನು ಹಸಿ ಇದ್ದಾಗಲೇ ಪೇಪರಿನ ಮೇಲೆ ಹಾಸಿ, ಅಕ್ಷರ ಕಾಣಿಸುತ್ತವೆಯೇ ಎಂದು ನೋಡಿದಳು. ಪೇಪರು ಓದಲು ಬಂದರೆ ಆ ಬಟ್ಟೆ ಹುಡುಗಿಯರಿಗೆ ಬೇಡ. ತಬಸುಮ್ ಅಂತೂ ಒಂದು ಹಸಿ ತುಂಡಿನೊಳಗಿಂದ ಚಿನ್ನದ ಧಾರಣೆಯನ್ನು ಗಟ್ಟಿಯಾಗಿ ಓದಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಕೊನೆಗೆ ಒಂದೇ ಉಳಿಯಿತು. ಸಣ್ಣ ಸಣ್ಣ ಕಣ್ಣಿನ, ಜೇನುಗೂಡಿನಂಥ ಹೆಣಿಗೆಯ ನೀಲಿ ತುಂಡು. ಎಷ್ಟು ಒಗೆದರೂ ಚೌಕ ಚೌಕವಾಗಿಯೇ ಇತ್ತು, ಹಸಿ ಇದ್ದಾಗಲೂ ಅಕ್ಷರ ಕಾಣಲಿಲ್ಲ. ಮಹಾದೇವಕ್ಕ ಶೇಂಗಾ ಒಣ ಹಾಕುತ್ತ ಅದನ್ನು ನೋಡಿದಳು. ಮೊದಲ ಸಲ ಕೇಳಿದಳು:

"ಇದರಾಗ ಕುತ್ತಿಗಿ ಪಟ್ಟಿನೂ ಬರತೈತೇನು?"

"ಪಟ್ಟೀಗೆ ಬ್ಯಾರೇ ಹೆಣಿಗಿ ಬೇಕ್ರಿ. ಆದ್ರ ಇದರ ಜೋಡೀನ ಒಂದ ಬಣ್ಣದಾಗ ಅದ್ದಿದ್ದು ಬೇಕಂತ ಬಾಷಾಣ್ಣಗ ಹೇಳೇನಿ. ಇಲ್ಲಂದ್ರ ಅಂಗಿ ಒಂದ ನೀಲಿ, ಕುತ್ತಿಗಿ ಒಂದ ನೀಲಿ ಆಕ್ಕಾವು."

"ಹೇಳೀದಿ ಖರೆ. ಕಾಗದ ಹೋಗಿಲ್ಲಲ್ಲ."

"ನೀವ ಹೇಳ್ರಿ ಮಾವಾರಿಗೆ."

ಮಹಾದೇವಕ್ಕ ಶೇಂಗಾದಲ್ಲಿ ಕೈ ಆಡಿಸಿದಳು.

ಕಾಗದಕ್ಕಿಂತ ಮೊದಲು ಬೀಗರೇ ಬಂದರು. ಹೊಸ ಹಂಗಾಮಿನ ರೋಲುಗಳು ಟೆಂಪೋದಲ್ಲಿದ್ದವು. ಮಹಾದೇವಕ್ಕ ಗಡಬಡಿಸಿ ಹೋಳಿಗೆಗೆ ಕಡಲೆಬೇಳೆ ಬೇಯಲು ಹಾಕಿದಳು. ಶಂಭುಲಿಂಗಪ್ಪ ಜಮಖಾನೆ ಹಾಸಿದ. ಸಿದ್ಧಾರೂಢಪ್ಪನವರು ಲೋಡಿಗೆ ಒರಗಿ ಹೇಳಿದರು:

"ನಿಮಗಂತ ತಗದಿಟ್ಟ ಮಾಲು ನೋಡ್ರಿ ಬೀಗರ. ಬ್ಯಾರೇದವರಿಗೆ ತೋರಸೇ ಇಲ್ಲ."

ಬೀಗತಿ ಮಣೆ ಹಾಕಿಸಿದರು. ಅಮೃತಾ ಕುಳಿತಳು. ಅರಿಷಿಣ ಕುಂಕುಮ ಆಯಿತು. ಅಕ್ಕಿ ಬಿತ್ತು, ತೆಂಗಿನಕಾಯಿ ಬಿತ್ತು, ಖಣ ಬಿತ್ತು. ಬೀಗತಿ ರೋಲಿಗೆ ಕೈ ಹಾಕಿದಾಗ ಅಮೃತಾ ಸೆರಗು ಕಟ್ಟಿಕೊಂಡು ಎದ್ದು ನಿಂತಳು.

"ಉಡಿ ತುಂಬಿತ್ರಿ ಅತ್ತೀಯಾರ. ಇದನ್ನ ಕೆಳಗ ಇಡ್ರಿ, ನೋಡಿ ತಗೋತೇನಿ."

ಹೊಲಿಗೆಯ ಮನೆಯಿಂದ ಕತ್ತರಿ ತಂದಳು. ರೋಲು ಬಿಚ್ಚಿ, ಎಲ್ಲರ ಮುಂದೆ ಒಂದು ತುಂಡು ಕತ್ತರಿಸಿ ಚರಿಗೆಯ ನೀರಿನಲ್ಲಿ ಅದ್ದಿ, ಹಿಂಡಿ, ಸಿದ್ಧಾರೂಢಪ್ಪನವರ ಮುಂದೆ ಪೇಪರಿನ ಮೇಲೆ ಹಾಸಿದಳು.

"ಓದ್ರಿ ಮಾವಾರ. ಯಾವ ಊರಾಗ ಮಳಿ ಆಗೇತಿ ಅನ್ನೂದೂ ಕಾಣಸಾಕತ್ತೈತಿ."

ಸಿದ್ಧಾರೂಢಪ್ಪನವರ ಮುಖ ಕೆಂಪಾಯಿತು. "ಶಂಭುಲಿಂಗಪ್ಪನವರ, ನಿಮ್ಮ ಮನ್ಯಾಗ ಉಡಿ ಹಿಂಗ ತಗೋತಾರೇನು?"

ಶಂಭುಲಿಂಗಪ್ಪ ಜಮಖಾನೆಯ ಸುಕ್ಕು ತಿದ್ದತೊಡಗಿದ. ಬೀಗರು ಎದ್ದರು. ಹೋಳಿಗೆ ಹಂಚಿನ ಮೇಲೆ ಇರುವಾಗಲೇ ಟೆಂಪೋ ಹತ್ತಿ ಹೋದರು. ರೋಲುಗಳನ್ನು ಮಾತ್ರ ಕಟ್ಟೆಯ ಮೇಲೆ ಇಳಿಸಿ ಹೋಗಿದ್ದರು.

ಆಮೇಲೆ ಮನೆಯಲ್ಲಿ ಯಾರ ಮಾತೂ ನೆಟ್ಟಗಿರಲಿಲ್ಲ. ಮಹಾದೇವಕ್ಕ ತಾಟು ಕುಕ್ಕಿ ಇಡುತ್ತಿದ್ದಳು. ಉಳಿದ ಹೋಳಿಗೆಯನ್ನು ಎಮ್ಮೆಗೆ ಹಾಕಿದಳೇ ಹೊರತು ಸೊಸೆಯನ್ನು ಉಣ್ಣು ಎನ್ನಲಿಲ್ಲ. ಪ್ರಭು ಒಂದು ದಿನ ಧೈರ್ಯ ಮಾಡಿ ಹೆಂಡತಿಗೆ ಹೇಳಿದ:

"ನೀ ಒಂದ ಮಾತು ನನಗರ ಹೇಳಿ ಮಾಡಬಾರದಾಗಿತ್ತೇನು?"

"ಹೇಳಿದ್ರ ಏನ್ ಮಾಡತಿದ್ರಿ?"

ಪ್ರಭು ಯೋಚಿಸಿ ಪ್ರಾಮಾಣಿಕವಾಗಿ ಹೇಳಿದ: "ಬ್ಯಾಡ ಅಂತಿದ್ದೆ."

"ಅದಕ್ಕ ಹೇಳಲಿಲ್ಲ."

ಮುಂದಿನ ವಾರ ಹುಬ್ಬಳ್ಳಿ ಬಸ್ಸಿನಿಂದ ಮಹಾನಂದಾ ಇಳಿದಳು. ಒಬ್ಬಳೇ ಇದ್ದಳು. ಕೈಯಲ್ಲಿ ಚೀಲ ಇತ್ತು. ಬಾಗಿಲಲ್ಲಿ ಮಗಳನ್ನು ಕಂಡ ಕೂಡಲೇ ಮಹಾದೇವಕ್ಕ ಹಣೆಗೆ ಕೈ ಹಚ್ಚಿದಳು.

"ಕಳಿಸಿಬಿಟ್ರೇನವಾ ನನ್ನ ಮಗಳನ್ನ! ನಾ ಹೇಳಿದ್ದೆ, ನಾ ಹೇಳಿದ್ದೆ…"

"ಯಾರ್ ಕಳಸ್ತಾರ ಬೇ ನನ್ನ? ನಾನ ಬಂದೇನಿ. ಹಸಿವಿ ಆಗೇತಿ. ಬಿಸಿ ರೊಟ್ಟಿ ಹಾಕು ಮೊದಲ."

ಮಹಾದೇವಕ್ಕ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯತೊಡಗಿದಳು. ಮಹಾನಂದಾ ಅಲ್ಲೇ ನೆಲದ ಮೇಲೆ ಕುಳಿತು, ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಂಡು ಮೂರು ರೊಟ್ಟಿ ಉಂಡಳು. ನೀರು ಕುಡಿದಳು. ಆಮೇಲೆ ಎಲ್ಲರನ್ನೂ ಅಡುಗೆಮನೆಗೆ ಕರೆದಳು.

"ವೈನಿ ರೋಲು ಬಿಚ್ಚಿದ್ದು ಕೇಳೇನಿ. ಅಪ್ಪಾ, ಕಾಗದ ಬರೀತೇನಿ ಅಂದಿದ್ಯಂತ. ಯಾಕ ಕಳಿಸಿಲ್ಲ?"

"ನಿನ್ನ ಸಲುವಾಗಿ ಅವ್ವೀ" ಎಂದ ಶಂಭುಲಿಂಗಪ್ಪ. "ಅಲ್ಲಿ ನಿನಗ ತ್ರಾಸ ಆಗಬಾರದು ಅಂತ."

"ನನ್ನ ಸಲುವಾಗಿ!" ಮಹಾನಂದಾ ನಕ್ಕಳು. ನಗು ಚೆನ್ನಾಗಿರಲಿಲ್ಲ. "ಅಂಗಡಿ ಹಿಂದಿನ ಕೋಲ್ಯಾಗ ಒಂದ ರಾಶಿ ಐತಿ. ತೂತು ಬಿದ್ದದ್ದು, ಬಣ್ಣ ಹಾರಿದ್ದು, ಯಾರೋ ತಿರಿಗಿ ತಂದುಕೊಟ್ಟದ್ದು, ಎಲ್ಲಾ ಅಲ್ಲಿ ಒಗೀತಾರ. ಅಂಗಡಿ ಆಳುಗೋಳು ಅದಕ್ಕ ಏನಂತಾರ ಗೊತ್ತೈತೇನು? 'ಬೀಗರ ಮಾಲು' ಅಂತಾರ. ನನ್ನ ಮುಂದನ ಅಂತಾರ. 'ಇದನ್ನ ಎಲ್ಲಿಡೂಣ್ರಿ?' 'ಬೀಗರ ಮಾಲಿನ್ಯಾಗ ಹಾಕು.' ನಾ ಅಲ್ಲೇ ಗಲ್ಲೇದಾಗ ಕುಂತಿರತೇನಿ."

ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂತು. ಯಾರೂ ತೆಗೆಯಲಿಲ್ಲ.

"ಗಂಡಗ ಹೇಳಲಿಲ್ಲೇನು?" ಎಂದ ಪ್ರಭು.

"ಹೇಳೇನಿ. 'ನಿಮ್ಮಪ್ಪನ ಸುಮ್ಮನ ತಗೋತಾನ, ನಿನಗೇನಾತು?' ಅಂತಾರ. ನಾ ಏನ್ ಹೇಳಲಿ? ಆ ಮನ್ಯಾಗ ನನ್ನ ಜಗಳಾ ನಾ ಆಡತೇನಿ, ನೀವು ಬರೂದು ಬ್ಯಾಡ. ಆದ್ರ ನೀವು ಇಲ್ಲಿ ಬಾಯಿ ಮುಚ್ಚಿಕೊಂಡ್ರ ನನಗ ಅಲ್ಲಿ ಬಾಯೇ ಇಲ್ಲದಂಗ ಆಕ್ಕತಿ. ವೈನಿ ರೋಲು ಬಿಚ್ಚಿದ ದಿನ ಮೊದಲನೇ ಸಲ ಅಲ್ಲಿ ಯಾರೂ ಆ ಮಾತು ಆಡಲಿಲ್ಲ."

ಮಹಾದೇವಕ್ಕ ಸೀದ ರೊಟ್ಟಿಯನ್ನು ಬರಿಗೈಯಿಂದಲೇ ತೆಗೆದು ಬದಿಗೆಸೆದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಎಲ್ಲೈತ್ರಿ ಆ ಕಾಗದ? ತರ್ರಿ ಇಲ್ಲಿ."

ಶಂಭುಲಿಂಗಪ್ಪ ಜಗುಲಿಯ ಗೂಡಿನಿಂದ ಮಡಿಚಿಟ್ಟ ಕಾಗದ ತಂದ. ಬರೆದದ್ದು ಹೌದು. ಎರಡು ಪುಟ ಇತ್ತು. ಪ್ರಭು ಓದಿದ. ಪೂಜ್ಯ ಬೀಗರ ಕ್ಷೇಮ, ಇತ್ತ ಎಲ್ಲರ ಕ್ಷೇಮ, ಮಳೆ, ಭತ್ತದ ಸಸಿ, ಎಮ್ಮೆ ಈದ ಸುದ್ದಿ, ಬೀಗತಿಯವರ ಮೊಣಕಾಲ ನೋವಿಗೆ ಒಂದು ಎಣ್ಣೆಯ ಹೆಸರು.

"ಬಟ್ಟಿ ಎಲ್ಲೈತಿ ಇದರಾಗ?" ಎಂದಳು ಮಹಾದೇವಕ್ಕ.

"ಕಡೀಕ ಬರತೈತಿ" ಎಂದ ಶಂಭುಲಿಂಗಪ್ಪ.

"ಕಡೀಕ ನಿನ್ನ ಸಹಿ ಐತಪಾ" ಎಂದ ಪ್ರಭು.

ಮಹಾನಂದಾ ನಕ್ಕಳು, ಈ ಸಲ ನಿಜವಾಗಿ. ಅಮೃತಾಳಿಗೂ ತಡೆಯಲಾಗಲಿಲ್ಲ. ಶಂಭುಲಿಂಗಪ್ಪ ಮಾತ್ರ ಗೋಡೆ ನೋಡಿದ. "ಬರೀಬೇಕಂತ ಕುಂತರ ಕೈಯಿಗೆ ಬರ್ಲೇ ಇಲ್ಲ. ನಾ ಏನ್ ಮಾಡ್ಲಿ?"

"ಸರೀರಿ ನೀವು. ಅಮೃತಾ, ಹಾಳಿ ತಗೊ. ನಾ ಹೇಳತೇನಿ, ನೀ ಬರಿ."

ಅಮೃತಾ ಬರೆದಳು. ಮಹಾದೇವಕ್ಕ ಹೇಳಿದ್ದು ಇಷ್ಟೇ: ನಿಮ್ಮ ಬಟ್ಟೆ ಒಗೆದರೆ ಗಿಡ್ಡಾಗುತ್ತದೆ, ತಿರುಚುತ್ತದೆ, ಹಸಿಯಾದರೆ ಮೈ ಕಾಣುತ್ತದೆ. ಇನ್ನು ಮುಂದೆ ಕಳಿಸಬೇಡಿರಿ. ಇಟ್ಟು ಹೋದ ರೋಲುಗಳನ್ನು ತಿರುಗಿ ಕಳಿಸುತ್ತೇವೆ. ನೀವು ಬರ್ರಿ, ಉಣ್ಣಲಿಕ್ಕೆ ಬರ್ರಿ, ಬರಿಗೈಯಿಂದ ಬರ್ರಿ. ಉಡಿಯನ್ನು ಹೆಣ್ಣುಮಗಳಿಗೆ ತುಂಬುತ್ತಾರೆ, ಹೊಲಿಗೆ ಮಷೀನಿಗೆ ತುಂಬುವುದಿಲ್ಲ.

"ಕಡೇದು ಸ್ವಲ್ಪ ಬಿರುಸಾತು" ಎಂದ ಶಂಭುಲಿಂಗಪ್ಪ.

"ಬಿರುಸ ಇರಲಿ. ಮೆತ್ತಗಿನ ಬಟ್ಟಿ ತಗೊಂಡು ಸಾಕಾಗೇತಿ."

ಅಮೃತಾ ಸಹಿ ಮಾಡಿದಳು. ಅದರ ಕೆಳಗೆ ಮಹಾದೇವಕ್ಕ ತನ್ನ ಹೆಸರಿನ ಒಂದೊಂದೇ ಅಕ್ಷರವನ್ನು ಒತ್ತಿ ಬರೆದಳು. ಪ್ರಭು ಯಾರೂ ಕೇಳದೆಯೇ ಸಹಿ ಹಾಕಿ, ಲಕೋಟೆಯ ಮೇಲೆ ವಿಳಾಸ ಬರೆದ. ಕಾಗದ ಶಂಭುಲಿಂಗಪ್ಪನ ಮುಂದೆ ಬಂತು.

"ನಂದೂ ಬೇಕೇನು?"

"ಜಾಗಾ ಬಿಟ್ಟೇವಿ. ಹಾಕಿದ್ರ ಹಾಕ್ರಿ, ಬಿಟ್ರ ಬಿಡ್ರಿ. ಕಾಗದ ಹೊಕ್ಕತಿ" ಎಂದಳು ಹೆಂಡತಿ.

ಅವನು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕುಳಿತ. ಆಮೇಲೆ ಸಣ್ಣದಾಗಿ ಒಂದು ಸಹಿ ಹಾಕಿದ. ಲಕೋಟೆ ಅಂಟಿಸಿ ಜೇಬಿಗೆ ಇಟ್ಟುಕೊಳ್ಳುತ್ತ, "ಇವತ್ತ ಮಂಗಳವಾರ. ನಾಳೆ ಮುಂಜಾನೆ ನಾನ ಹೋಗಿ…" ಎನ್ನುವಷ್ಟರಲ್ಲಿ ಮಹಾದೇವಕ್ಕ ಅವನ ಜೇಬಿಗೆ ಕೈ ಹಾಕಿ ಲಕೋಟೆ ತೆಗೆದುಕೊಂಡಳು.

"ನೀವು ಒಲಿ ಮುಂದ ಕುಂದರ್ರಿ. ಹಿಟ್ಟು ನಾದಿಟ್ಟೇನಿ. ನಾ ಬರೂದ್ರಾಗ ಎರಡ ರೊಟ್ಟಿ ಬಡೀರಿ."

"ನಾ ರೊಟ್ಟಿ?"

"ಕೈಯಿಗೆ ಬಂದಷ್ಟು ಬಡೀರಿ."

ಹಿಟ್ಟು ಮೆತ್ತಿದ ಸೀರೆಯಲ್ಲೇ ಮಹಾದೇವಕ್ಕ ಬಿಸಿಲಿಗೆ ಇಳಿದಳು. ಅಮೃತಾ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದಳು. ಹೊಲಿಗೆಯ ಮನೆಯ ಮುಂದೆ ಹಾಯುವಾಗ ಮಾಬುಬಿ ಕೂಗಿ ಕೇಳಿದಳು: "ಎಲ್ಲಿಗ್ರಿ ಅವ್ವಾರ ಇಬ್ಬರೂ?"

"ಬಾಷಾಸಾಬಗ ಫೋನ್ ಹಚ್ಚಬೇ" ಎಂದಳು ಮಹಾದೇವಕ್ಕ ನಿಲ್ಲದೆ. "ಆ ನೀಲೀದು ತಾ ಅನ್ನು. ಹೊಸ್ತಲಾ ದಾಟಿಸಿ ಒಳಗ ತಂದು ಇಡು ಅನ್ನು."

ಅಂಚೆ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಬಾಗಿಲು ಎಳೆಯುತ್ತಿದ್ದ ಹುಡುಗಿ ಇವರನ್ನು ಕಂಡು ಮತ್ತೆ ತೆರೆದಳು. ವಿಳಾಸ ಓದಿ ನಕ್ಕಳು.

"ಬೀಗರಿಗೇನ್ರಿ ಅಮ್ಮಾರ? ಫೋನ್ ಮಾಡಬಹುದಿತ್ತಲ್ರಿ. ಏನ್ ಲಗ್ನದ ಸುದ್ದಿ ಏನು?"

"ಲಗ್ನದ್ದಲ್ಲ ತಂಗಿ, ಬಟ್ಟೀದು. ಅವರು ಕೈಯಾಗ ಹಿಡದು, ಸಹಿ ಮಾಡಿ ತಗೋಬೇಕು. ಹಂಗ ಕಳಸು."

"ಸ್ಪೀಡ್ ಪೋಸ್ಟ್ ಮಾಡತೇನ್ರಿ."

ಹುಡುಗಿ ಲಕೋಟೆ ತೂಗಿ, ಚೀಟಿ ಅಂಟಿಸಿ, ಮೇಲೆ ಮುದ್ರೆ ಒತ್ತಿದಳು. ಮಹಾದೇವಕ್ಕ ಕಿಟಕಿಯೊಳಗೆ ಬಗ್ಗಿ ನೋಡಿದಳು.

"ಮಸುಕಾಗೇತಿ. ಇನ್ನೊಮ್ಮೆ ಬಡಿ."

"ಇಷ್ಟ ಸಾಕ್ರಿ ಅಮ್ಮಾರ, ಹೊಕ್ಕತಿ."

"ಹೊಕ್ಕತಿ ಗೊತ್ತೈತಿ. ಬಡಿಯವಾ. ಕಾಣಬೇಕು."

ಹುಡುಗಿ ಮುದ್ರೆಗೆ ಮತ್ತೆ ಮಸಿ ಹಚ್ಚಿ, ಮೇಜು ಅಲುಗುವ ಹಾಗೆ ಬಡಿದಳು.